ಜೇನಿನ ಕುಣಿತ: ಹುಟ್ಟರಿವೋ, ಕಲಿತ ವಿದ್ಯೆಯೋ?

ಹೂವಿನ ತಾಣವನ್ನು ಕಂಡು ಮರಳಿದ ಜೇನುನೊಣ ಗೂಡಿನ ಎರಿಯ ಮೇಲೆ ಕುಣಿಯುತ್ತದೆ, ಆ ಕುಣಿತದ ಮೂಲಕ ತಾಣದ ದಿಕ್ಕನ್ನೂ ದೂರವನ್ನೂ ಉಳಿದ ನೊಣಗಳಿಗೆ ತಿಳಿಸುತ್ತದೆ ಎಂಬುದು ಈಗ ಶಾಲಾ ಮಕ್ಕಳಿಗೂ ಗೊತ್ತಿರುವ ಸಂಗತಿ. ಈ ವಿದ್ಯೆ ನೊಣಕ್ಕೆ ಹುಟ್ಟಿನಿಂದಲೇ ಬಂದದ್ದು, ಅದನ್ನು ಯಾರೂ ಕಲಿಸಬೇಕಾಗಿಲ್ಲ ಎಂದೂ ಪಠ್ಯಪುಸ್ತಕಗಳು ದಶಕಗಳಿಂದ ಹೇಳುತ್ತ ಬಂದಿದ್ದವು. ಚೀನಾದ ತಾನ್ ಕೆನ್ ಮತ್ತು ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೇಮ್ಸ್ ನೀಹ್ ಅವರ ತಂಡ 2023ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವು ಈ ಎರಡನೆಯ ಮಾತನ್ನು ಅಲುಗಾಡಿಸಿತು. ಹಿರಿಯ ನೊಣಗಳ ಕುಣಿತವನ್ನು ಅನುಸರಿಸುವ ಅವಕಾಶ ಸಿಗದೆ ಬೆಳೆದ ನೊಣಗಳೂ ಕುಣಿದವು, ಆದರೆ ತಪ್ಪಾಗಿ ಕುಣಿದವು. ಅದರಲ್ಲಿ ಒಂದು ಬಗೆಯ ತಪ್ಪು ಅವುಗಳ ಜೀವಮಾನವಿಡೀ ತಿದ್ದಿಕೊಳ್ಳಲೇ ಇಲ್ಲ. ಈ ಫಲಿತಾಂಶಕ್ಕೆ ಇಷ್ಟು ಮಹತ್ವ ಏಕೆ ಬಂತೆಂದು ತಿಳಿಯಲು ನೂರು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕು.

ಮೇವಿನಿಂದ ಮರಳಿದ ನೊಣದ ಹಿಂದೆ ಮೂರು ನಾಲ್ಕು ನೊಣಗಳು ಸೇರಿಕೊಳ್ಳುವುದನ್ನು ಅರಿಸ್ಟಾಟಲನೇ ಗಮನಿಸಿದ್ದ. ಆದರೆ ಆ ಹಿಂಬಾಲಿಕೆಯಲ್ಲಿ ಏನಿದೆ ಎಂದು ಪ್ರಯೋಗದ ಮೂಲಕ ಕೇಳಿದವರು 1886ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಕಾರ್ಲ್ ಫಾನ್ ಫ್ರಿಶ್. ಜೇನುನೊಣಕ್ಕೆ ಬಣ್ಣವೇ ಕಾಣದು ಎಂದು ಸಾರಿದ್ದ ಪ್ರಸಿದ್ಧ ನೇತ್ರತಜ್ಞ ಕಾರ್ಲ್ ಫಾನ್ ಹೆಸ್ ಅವರನ್ನು ಎದುರು ಹಾಕಿಕೊಂಡು, ಬೂದು ಕಾಗದಗಳ ನಡುವೆ ಇಟ್ಟ ಒಂದು ನೀಲಿ ಕಾಗದವನ್ನು ನೊಣಗಳು ತಪ್ಪದೆ ಗುರುತಿಸುವುದನ್ನು ತೋರಿಸಿ ಫ್ರಿಶ್ ಮೊದಲು ಹೆಸರು ಮಾಡಿದ್ದರು. 1919ರಲ್ಲಿ ಮ್ಯೂನಿಕ್‌ನಲ್ಲಿ, ಗಾಜಿನ ಗೋಡೆಯ ಗೂಡಿನಲ್ಲಿ ಬಣ್ಣದ ಚುಕ್ಕೆ ಇಟ್ಟ ನೊಣವೊಂದು ಸಕ್ಕರೆ ಪಾಕ ಕುಡಿದು ಬಂದು ಎರಿಯ ಮೇಲೆ ಸುತ್ತತೊಡಗಿದ್ದನ್ನೂ, ಸುತ್ತಲಿನ ನೊಣಗಳು ಉದ್ರೇಕಗೊಂಡು ಪಾಕದ ಬಟ್ಟಲಿನತ್ತ ಹಾರಿದ್ದನ್ನೂ ಅವರು ಕಂಡರು. ಅವರಿಗೆ ಎರಡು ಬಗೆಯ ಕುಣಿತಗಳು ಕಂಡವು: ಒಂದು ಬರಿಯ ಸುತ್ತು ಕುಣಿತ, ಇನ್ನೊಂದು ನೇರ ಗೆರೆಯಲ್ಲಿ ಹೊಟ್ಟೆಯ ಭಾಗವನ್ನು ಅಲ್ಲಾಡಿಸುತ್ತ ಓಡಿ, ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ತಿರುಗಿ ಬರುವ ಕುಲುಕು ಕುಣಿತ. ಸುತ್ತು ಕುಣಿತವೆಂದರೆ ಮಕರಂದ, ಕುಲುಕು ಕುಣಿತವೆಂದರೆ ಪರಾಗ ಎಂದು ಅವರು 1920ರ ದಶಕದಲ್ಲಿ ಬರೆದರು.

ಅದು ತಪ್ಪಾಗಿತ್ತು, ಮತ್ತು ಅದರ ಕಾರಣ ಪ್ರಯೋಗ ನಡೆಸುವ ಯಾರಿಗೂ ಪಾಠವಾಗಬಲ್ಲಂಥದ್ದು. ನೋಡಲು ಅನುಕೂಲವೆಂದು ಅವರು ಪಾಕದ ಬಟ್ಟಲನ್ನು ಗೂಡಿನ ಹತ್ತಿರವೇ ಇಡುತ್ತಿದ್ದರು. ಪರಾಗ ತರುವ ನೊಣಗಳಾದರೋ ತಮ್ಮ ಪಾಡಿಗೆ ದೂರದ ಹೂವುಗಳಿಗೆ ಹೋಗಿ ಬರುತ್ತಿದ್ದವು. ಕುಣಿತದ ವ್ಯತ್ಯಾಸ ತಂದ ಸರಕಿನಿಂದಲ್ಲ, ಹಾರಿದ ದೂರದಿಂದ ಹುಟ್ಟಿದ್ದು ಎಂಬುದು ತಿಳಿಯಲು ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು.

ಆ ಹೊತ್ತಿಗೆ ಎರಡನೆಯ ಮಹಾಯುದ್ಧ ನಡೆದಿತ್ತು. ತಾಯಿಯ ತಾಯಿ ಯಹೂದಿ ಮೂಲದವರಾದ್ದರಿಂದ ನಾಜಿ ಆಡಳಿತವು 1941ರಲ್ಲಿ ಫ್ರಿಶ್ ಅವರನ್ನು ‘ಮಿಶ್ರ ರಕ್ತದವರು’ ಎಂದು ವರ್ಗೀಕರಿಸಿ ಹುದ್ದೆಯಿಂದ ತೆಗೆಯಲು ಹೊರಟಿತು. ಅವರನ್ನು ಉಳಿಸಿದ್ದು ಒಂದು ಪಿಡುಗು. ನೊಣಗಳ ಕರುಳನ್ನು ಹಾಳುಮಾಡುವ ನೊಸೀಮಾ ಎಂಬ ಪರಾವಲಂಬಿಯಿಂದ ಜರ್ಮನಿಯಲ್ಲಿ ಲಕ್ಷಾಂತರ ಜೇನುಕುಟುಂಬಗಳು ನಾಶವಾಗುತ್ತಿದ್ದವು, ಪರಾಗಸ್ಪರ್ಶವಿಲ್ಲದೆ ಬೆಳೆ ಸೋಲುವ ಭಯ ಸರ್ಕಾರವನ್ನು ಕಾಡಿತ್ತು, ಆ ಕೆಲಸಕ್ಕೆ ಅವರೇ ಬೇಕೆಂದು ವಜಾ ಆದೇಶವನ್ನು ಯುದ್ಧ ಮುಗಿಯುವವರೆಗೆ ಮುಂದೂಡಲಾಯಿತು. ಬಾಂಬ್ ದಾಳಿಗೆ ಸಿಕ್ಕ ಮ್ಯೂನಿಕ್ ಬಿಟ್ಟು ಆಸ್ಟ್ರಿಯಾದ ಬ್ರುನ್‌ವಿಂಕ್ಲ್ ಎಂಬ ಸರೋವರದಂಚಿನ ಊರಿನ ತಮ್ಮ ಮನೆಗೆ ಬಂದ ಫ್ರಿಶ್, 1944 ಮತ್ತು 1945ರ ಬೇಸಿಗೆಗಳಲ್ಲಿ ಬಟ್ಟಲನ್ನು ದೂರ ದೂರಕ್ಕೆ ಒಯ್ದು ನೋಡಿದರು. ಸಂಕೇತ ಬಿಡಿಸಿಕೊಂಡಿತು.

ಗೂಡಿನೊಳಗೆ ಕತ್ತಲು, ಎರಿ ಮೇಲಿನಿಂದ ಕೆಳಗೆ ನೇತಾಡುತ್ತದೆ, ಅಲ್ಲಿಂದ ಸೂರ್ಯ ಕಾಣುವುದಿಲ್ಲ. ಹಾಗಾಗಿ ನೊಣ ‘ಮೇಲಕ್ಕೆ’ ಎಂಬುದನ್ನೇ ಸೂರ್ಯನ ದಿಕ್ಕು ಎಂದು ಇಟ್ಟುಕೊಳ್ಳುತ್ತದೆ. ಹೂವಿನ ತಾಣ ಸೂರ್ಯನಿಗೆ ನೇರವಾಗಿದ್ದರೆ ಅದರ ಕುಲುಕು ಓಟ ನೇರ ಮೇಲಕ್ಕೆ, ಸೂರ್ಯನಿಗೆ ಬೆನ್ನು ಮಾಡಿದ ದಿಕ್ಕಿನಲ್ಲಿದ್ದರೆ ನೇರ ಕೆಳಕ್ಕೆ, ಸೂರ್ಯನಿಂದ ಬಲಕ್ಕೆ 40 ಡಿಗ್ರಿಯಲ್ಲಿದ್ದರೆ ಓಟವೂ ಲಂಬದಿಂದ ಬಲಕ್ಕೆ 40 ಡಿಗ್ರಿ. ಓಟ ಎಷ್ಟು ಹೊತ್ತು ನಡೆಯಿತೆಂಬುದು ದೂರವನ್ನು ಹೇಳುತ್ತದೆ. ಯುರೋಪಿನ ಜೇನುನೊಣದಲ್ಲಿ ಒಂದು ಸೆಕೆಂಡಿನ ಕುಲುಕಾಟ ಸರಿಸುಮಾರು ಒಂದು ಕಿಲೋಮೀಟರಿಗೆ ಸಮ. ಮೋಡ ಕವಿದು ಸೂರ್ಯ ಮರೆಯಾದರೂ ನೀಲಿ ಆಕಾಶದ ಒಂದು ತುಂಡು ಕಂಡರೆ ಸಾಕು, ಅದರ ಧ್ರುವೀಕೃತ ಬೆಳಕಿನಿಂದ ನೊಣ ಸೂರ್ಯನ ಸ್ಥಾನವನ್ನು ಲೆಕ್ಕ ಹಾಕುತ್ತದೆ ಎಂಬುದನ್ನೂ ಫ್ರಿಶ್ ಕೆಲವೇ ವರ್ಷಗಳಲ್ಲಿ ತೋರಿಸಿದರು. ಮುಂದೆ ಭಾರತಕ್ಕೆ ಬಂದು ನೆಲೆಸಿದ ಜೆ.ಬಿ.ಎಸ್. ಹಾಲ್ಡೇನ್ ಅವರು ಹೆಲೆನ್ ಸ್ಪರ್ವೇ ಜೊತೆಗೂಡಿ 1954ರಲ್ಲಿ, ಈ ಕುಣಿತ ಎಷ್ಟು ಮಾಹಿತಿಯನ್ನು ಸಾಗಿಸಬಲ್ಲದೆಂದು ಸಂಖ್ಯಾಶಾಸ್ತ್ರದ ವಿಧಾನದಿಂದ ಅಳೆಯಲು ಹೊರಟದ್ದು, ಈ ಶೋಧ ಆಗಿನ ವಿಜ್ಞಾನಿಗಳನ್ನು ಎಷ್ಟು ಸೆಳೆದಿತ್ತೆಂಬುದಕ್ಕೆ ಸಾಕ್ಷಿ.

ಇಲ್ಲಿಯವರೆಗಿನ ಕಥೆ ಯುರೋಪಿನ ಒಂದೇ ಪ್ರಭೇದದ್ದು. ಫ್ರಿಶ್ ಅವರ ಶಿಷ್ಯ ಮಾರ್ಟಿನ್ ಲಿಂಡವರ್ 1950ರ ದಶಕದಲ್ಲಿ ಶ್ರೀಲಂಕಾಕ್ಕೆ ಬಂದು ನಮ್ಮ ಕಡೆಯ ಜೇನುಗಳನ್ನು ನೋಡಿದಾಗ ಕಥೆ ಹರಡಿಕೊಂಡಿತು. ಪೊಟರೆಯಲ್ಲಿ ಗೂಡು ಕಟ್ಟುವ, ಮಲೆನಾಡು ಮತ್ತು ಕರಾವಳಿಯ ಪೆಟ್ಟಿಗೆಗಳಲ್ಲಿ ಸಾಕುವ ತುಡುವೆ ಜೇನು ಯುರೋಪಿನ ಬಂಧುವಿನಂತೆಯೇ ಕತ್ತಲಲ್ಲಿ ಲಂಬ ಎರಿಯ ಮೇಲೆ ಕುಣಿಯುತ್ತದೆ. ಪೊದೆಯ ಕಡ್ಡಿಗೆ ಒಂದೇ ಪುಟ್ಟ ಎರಿ ಕಟ್ಟುವ ಕೋಲುಜೇನಿನ ಕ್ರಮವೇ ಬೇರೆ: ಅದು ಎರಿಯ ನೆತ್ತಿಯ ಮೇಲಿನ ಸಮತಟ್ಟು ಜಾಗದಲ್ಲಿ, ಆಕಾಶ ಕಾಣುವಂತೆ, ತಾಣವಿರುವ ದಿಕ್ಕಿಗೇ ಮುಖಮಾಡಿ ಓಡುತ್ತದೆ. ನಾವು ಕೈ ಚಾಚಿ ದಾರಿ ತೋರಿಸಿದಂತೆ. ಸೂರ್ಯನನ್ನು ‘ಮೇಲು’ ಎಂದು ಅನುವಾದಿಸುವ ಶ್ರಮ ಅದಕ್ಕಿಲ್ಲ. ಹೆಜ್ಜೇನು ಇವೆರಡರ ನಡುವಿನದು: ಲಂಬ ಎರಿಯ ಮೇಲೆಯೇ ಕುಣಿಯುತ್ತದೆ, ಆದರೆ ಬಯಲಿನಲ್ಲಿ, ಆಕಾಶ ಕಾಣುವ ಅಂಚಿನಲ್ಲಿ. ಬೆಳದಿಂಗಳ ರಾತ್ರಿಯಲ್ಲೂ ಮೇವಿಗೆ ಹೋಗುವ ಹೆಜ್ಜೇನು ಆಗ ಕುಣಿಯುವುದು ಕಣ್ಣಿಗೆ ಕಾಣುವ ಚಂದ್ರನನ್ನು ಆಧರಿಸಿ ಅಲ್ಲ, ದಿಗಂತದ ಕೆಳಗೆ ಅಡಗಿರುವ ಸೂರ್ಯನನ್ನು ಆಧರಿಸಿ ಎಂಬುದನ್ನು ಫ್ರೆಡ್ ಡೈಯರ್ 1985ರಲ್ಲಿ ವರದಿ ಮಾಡಿದರು. ಈ ಇಡೀ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಬೆರಗಾಗಿಸುವ ಸಂಗತಿ ಇದೇ.

ಕೀಟವೊಂದಕ್ಕೆ ಸಾಂಕೇತಿಕ ಭಾಷೆ ಇದೆಯೆಂಬುದನ್ನು ಎಲ್ಲರೂ ಸುಲಭವಾಗಿ ಒಪ್ಪಲಿಲ್ಲ. 1967ರಲ್ಲಿ ಕ್ಯಾಲಿಫೋರ್ನಿಯಾದ ಏಡ್ರಿಯನ್ ವೆನ್ನರ್ ಮತ್ತು ಅವರ ಸಂಗಡಿಗರು, ನೊಣಗಳು ತಾಣವನ್ನು ತಲುಪುವುದು ಕುಣಿತವನ್ನು ಓದಿ ಅಲ್ಲ, ಬಂದ ನೊಣದ ಮೈಗಂಟಿದ ಪರಿಮಳವನ್ನು ಹುಡುಕಿಕೊಂಡು ಹೋಗಿ ಎಂದು ವಾದಿಸಿದರು. ಇದನ್ನು ಹಟದ ಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕುಣಿತದಲ್ಲಿ ಮಾಹಿತಿ ಇದೆ ಎಂದು ಮನುಷ್ಯ ಓದಬಲ್ಲನೆಂದ ಮಾತ್ರಕ್ಕೆ ನೊಣವೂ ಅದನ್ನು ಓದುತ್ತಿದೆ ಎಂದು ಸಿದ್ಧವಾಗುವುದಿಲ್ಲ ಎಂಬ ಅವರ ಆಕ್ಷೇಪಕ್ಕೆ ಫ್ರಿಶ್ ಅವರ ಪ್ರಯೋಗಗಳಲ್ಲಿ ಪೂರ್ಣ ಉತ್ತರವಿರಲಿಲ್ಲ. 1973ರಲ್ಲಿ ಕೊನ್ರಾಡ್ ಲೊರೆನ್ಸ್ ಮತ್ತು ನಿಕೊ ಟಿನ್ಬರ್ಗನ್ ಜೊತೆಗೆ ಫ್ರಿಶ್ ಅವರಿಗೆ ನೊಬೆಲ್ ಬಂದಾಗಲೂ ವಾದ ಮುಗಿದಿರಲಿಲ್ಲ.

ಜೇಮ್ಸ್ ಗೂಲ್ಡ್ 1975ರಲ್ಲಿ ಜಾಣ ಉಪಾಯವೊಂದನ್ನು ಹೂಡಿದರು. ನೊಣದ ತಲೆಯ ಮೇಲಿನ ಮೂರು ಸರಳ ಕಣ್ಣುಗಳಿಗೆ ಬಣ್ಣ ಬಳಿದರೆ ಅದು ಮಂದ ಬೆಳಕನ್ನು ಲೆಕ್ಕಿಸುವುದಿಲ್ಲ. ಗೂಡಿನೊಳಗೆ ದೀಪವಿಟ್ಟಾಗ, ಬಣ್ಣ ಬಳಿದ ನೊಣ ಎಂದಿನಂತೆ ‘ಮೇಲು’ ಎಂಬುದನ್ನೇ ಸೂರ್ಯನೆಂದುಕೊಂಡು ಕುಣಿಯಿತು. ಬಣ್ಣ ಬಳಿಯದ ನೋಡುಗ ನೊಣಗಳು ದೀಪವನ್ನೇ ಸೂರ್ಯನೆಂದು ಭಾವಿಸಿ ಕುಣಿತವನ್ನು ಓದಿ, ಕುಣಿದ ನೊಣ ಎಂದೂ ಹೋಗಿರದ ಜಾಗಕ್ಕೆ ಹೊರಟವು. 1989ರಲ್ಲಿ ಡೆನ್ಮಾರ್ಕ್‌ನ ಆಕ್ಸೆಲ್ ಮಿಕೆಲ್ಸನ್ ತಂಡ ಮೇಣ ಲೇಪಿಸಿದ ಹಿತ್ತಾಳೆಯ ಯಂತ್ರನೊಣವನ್ನು ಕುಣಿಸಿ ನಿಜ ನೊಣಗಳನ್ನು ಅದು ಸೂಚಿಸಿದ ಕಡೆಗೆ ಕಳಿಸಿತು. 2005ರಲ್ಲಿ ಬ್ರಿಟನ್–ಜರ್ಮನಿಯ ತಂಡವೊಂದು ನೊಣಗಳ ಬೆನ್ನಿಗೆ ಪುಟ್ಟ ಆಂಟೆನಾ ಅಂಟಿಸಿ ರೇಡಾರ್‌ನಲ್ಲಿ ಅವುಗಳ ಹಾದಿಯನ್ನು ಹಿಡಿಯಿತು. ಕುಣಿತ ನೋಡಿ ಹೊರಟ ನೊಣವನ್ನು ಹಿಡಿದು ಬೇರೆಡೆ ಬಿಟ್ಟರೆ, ತಾಣದ ಪರಿಮಳದತ್ತ ಹೋಗದೆ, ಕುಣಿತ ಹೇಳಿದ ದಿಕ್ಕು–ದೂರವನ್ನೇ ಆ ಹೊಸ ಜಾಗದಿಂದ ಹಾರಿ ಮುಗಿಸಿತು.

ದೂರವನ್ನು ನೊಣ ಅಳೆಯುವುದು ಹೇಗೆಂಬ ಪ್ರಶ್ನೆಗೆ ಉತ್ತರ ಬಂದದ್ದು, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು ಆಸ್ಟ್ರೇಲಿಯಾದಲ್ಲಿ ನೆಲೆಸಿದ ಮಂಡಯಂ ಶ್ರೀನಿವಾಸನ್ ಮತ್ತು ಅವರ ಸಹೋದ್ಯೋಗಿಗಳಿಂದ. ಖರ್ಚಾದ ಶಕ್ತಿಯೇ ಅಳತೆಗೋಲು ಎಂದು ಫ್ರಿಶ್ ನಂಬಿದ್ದರು. ಆದರೆ ಗೋಡೆಗಳಿಗೆ ಚಿತ್ತಾರ ಅಂಟಿಸಿದ, ಆರು ಮೀಟರಿಗಿಂತ ತುಸು ಉದ್ದದ ಕಿರಿದಾದ ಸುರಂಗದಲ್ಲಿ ಹಾರಿ ಬಂದ ನೊಣಗಳು ಸುಮಾರು 200 ಮೀಟರ್ ದೂರ ಹೋಗಿ ಬಂದವರಂತೆ ಕುಣಿದವು ಎಂದು ಈ ತಂಡ 2000ದಲ್ಲಿ ವರದಿ ಮಾಡಿತು. ಗೋಡೆಯ ಗೆರೆಗಳನ್ನು ಹಾರಾಟದ ದಿಕ್ಕಿಗೆ ಉದ್ದಕ್ಕೆ ಎಳೆದಾಗ ಆ ಭ್ರಮೆ ಮಾಯವಾಯಿತು. ಅಂದರೆ ಕಣ್ಣಿನ ಮುಂದೆ ಎಷ್ಟು ದೃಶ್ಯ ಹರಿದುಹೋಯಿತು ಎಂಬುದೇ ನೊಣದ ಮೈಲಿಗಲ್ಲು. ದಟ್ಟ ಕಾಡಿನ ಒಂದು ಕಿಲೋಮೀಟರ್ ಮತ್ತು ಬಯಲಿನ ಒಂದು ಕಿಲೋಮೀಟರ್ ನೊಣಕ್ಕೆ ಒಂದೇ ಅಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಪ್ರಭೇದದಿಂದ ಪ್ರಭೇದಕ್ಕೂ ಅಳತೆ ಬದಲಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಜರ್ಮನಿಯ ವೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ದಕ್ಷಿಣ ಭಾರತದಲ್ಲಿ ತುಡುವೆ, ಕೋಲುಜೇನು, ಹೆಜ್ಜೇನುಗಳನ್ನು ಹೋಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ದೂರ ಹೆಚ್ಚಿದಂತೆ ಕುಲುಕಾಟದ ಅವಧಿ ಅತಿ ಬೇಗ ಹೆಚ್ಚುವುದು ತುಡುವೆಯಲ್ಲಿ, ಅತಿ ನಿಧಾನವಾಗಿ ಹೆಚ್ಚುವುದು ಹೆಜ್ಜೇನಿನಲ್ಲಿ, ಕೋಲುಜೇನು ನಡುವೆ. ಮೇವಿಗಾಗಿ ಹತ್ತಿರದಲ್ಲೇ ತಿರುಗುವ ಜೇನು ಚಿಕ್ಕ ದೂರಗಳನ್ನು ಬಿಡಿಸಿ ಹೇಳುತ್ತದೆ, ಬಹುದೂರ ಹಾರುವುದು ದೊಡ್ಡ ದೂರಗಳನ್ನು ಅಡಕವಾಗಿ ಹೇಳುತ್ತದೆ. ಉಪಭಾಷೆಗಳ ಈ ವ್ಯತ್ಯಾಸ ಹುಟ್ಟಿನಿಂದಲೇ ಬಂದದ್ದೆಂದು ಬಹುಪಾಲು ಜನ ತಿಳಿದಿದ್ದರೂ, ತುಡುವೆ ಮತ್ತು ಯುರೋಪಿನ ಜೇನುಗಳನ್ನು ಒಂದೇ ಗೂಡಿನಲ್ಲಿ ಬೆರೆಸಿ ಚೀನಾದಲ್ಲಿ ನಡೆಸಿದ 2008ರ ಪ್ರಯೋಗದಲ್ಲಿ ತುಡುವೆ ನೊಣಗಳು ಪರಭಾಷೆಯ ಕುಣಿತವನ್ನು ಅನುಸರಿಸಿ ಸರಿಯಾದ ತಾಣ ತಲುಪಿದ್ದವು. ಕಲಿಕೆಯ ಸುಳಿವು ಅಲ್ಲೇ ಇತ್ತು.

2023ರ ಪ್ರಯೋಗ ಸರಳವಾಗಿತ್ತು. ಒಂದೇ ವಯಸ್ಸಿನ ಎಳೆಯ ನೊಣಗಳಿಂದಷ್ಟೇ ಕೂಡಿದ ಕುಟುಂಬಗಳನ್ನು ಕಟ್ಟಲಾಯಿತು. ಅಲ್ಲಿ ಕುಣಿದು ತೋರಿಸುವ ಹಿರಿಯರೇ ಇರಲಿಲ್ಲ. 150 ಮೀಟರ್ ದೂರದ ಬಟ್ಟಲಿಗೆ ಹೋಗಿ ಬಂದ ಈ ನೊಣಗಳ ಮೊದಲ ಕುಣಿತಗಳು, ಎಲ್ಲ ವಯಸ್ಸಿನವರೂ ಇರುವ ಸಾಮಾನ್ಯ ಕುಟುಂಬದ ನೊಣಗಳ ಕುಣಿತಕ್ಕಿಂತ ಅಸ್ತವ್ಯಸ್ತವಾಗಿದ್ದವು. ಕೋನದಲ್ಲೂ ದೂರದಲ್ಲೂ ತಪ್ಪು ಹೆಚ್ಚಿತ್ತು. ವಯಸ್ಸಾಗಿ ಅನುಭವ ಬಂದಂತೆ ಕೋನದ ತಪ್ಪು ತಿದ್ದಿಹೋಯಿತು. ದೂರದ ತಪ್ಪು ಹೋಗಲಿಲ್ಲ; ಇದ್ದದ್ದಕ್ಕಿಂತ ಹೆಚ್ಚಿನ ದೂರವನ್ನೇ ಅವು ಕೊನೆಯವರೆಗೂ ಸಾರಿದವು. ಎಳವೆಯಲ್ಲಿ ಹಿರಿಯ ಹಕ್ಕಿಯ ಹಾಡು ಕೇಳದ ಹಾಡುಹಕ್ಕಿಯ ದನಿ ಕೊರತೆಯಾಗಿ ಉಳಿಯುವುದನ್ನು ಇದು ನೆನಪಿಸುತ್ತದೆ.

ಆದ್ದರಿಂದ ಕುಣಿತವನ್ನು ಪೂರ್ತಿ ಕಲಿತದ್ದೆಂದು ಹೇಳುವುದು ಅತಿಯಾದೀತು. ಗುರುವಿಲ್ಲದ ನೊಣಗಳೂ ಕುಣಿದವು, ಕುಣಿತದ ವ್ಯಾಕರಣ ಅವುಗಳ ಮೈಯಲ್ಲೇ ಇತ್ತು. ಹಿರಿಯರಿಂದ ಬೇಕಾಗಿದ್ದದ್ದು ಅಳತೆ. ದೃಶ್ಯದ ಹರಿವನ್ನು ದೂರವೆಂದು ಎಣಿಸುವ ಜೀವಿಗೆ, ತಾನು ಹುಟ್ಟಿದ ಜಾಗ ದಟ್ಟ ಕಾಡೋ ಬಯಲೋ ಎಂಬುದನ್ನು ಅಳವಡಿಸಿಕೊಂಡ ಅಳತೆ ಹಿಂದಿನ ತಲೆಮಾರಿನಿಂದ ಸಿಗುವುದಾದರೆ ಅದು ಲಾಭದಾಯಕವೇ ಸರಿ. ಇದು ನನ್ನ ಊಹೆಯಷ್ಟೇ ಅಲ್ಲ, ಸಂಶೋಧಕರೂ ಸ್ಥಳೀಯ ಪರಿಸರಕ್ಕೆ ಹೊಂದಿಕೊಳ್ಳುವ ಸಾಧ್ಯತೆಯತ್ತಲೇ ಬೊಟ್ಟು ಮಾಡಿದ್ದಾರೆ. ಆ ಕತ್ತಲಲ್ಲಿ ನೋಡುಗ ನೊಣ ಕುಣಿತವನ್ನು ಗ್ರಹಿಸುವುದು ಹೇಗೆಂಬುದಕ್ಕೂ 2024ರಲ್ಲಿ ಎಡಿನ್‌ಬರಾದ ಅನ್ನಾ ಹಾಜಿಟೋಫಿ ಮತ್ತು ಬಾರ್ಬರಾ ವೆಬ್ ಒಂದು ಉತ್ತರ ಕೊಟ್ಟರು: ಕುಣಿಯುವ ನೊಣದ ಅಲ್ಲಾಡುವ ಹೊಟ್ಟೆ ತಾಕಿದಂತೆ ನೋಡುಗನ ಮೀಸೆಗಳ ಭಂಗಿ ಬದಲಾಗುತ್ತದೆ, ಆ ಭಂಗಿಯಿಂದಲೇ ಅದಕ್ಕೆ ಕೋನ ತಿಳಿಯುತ್ತದೆ. ಕಲಿಕೆ ನಡೆಯುವುದಾದರೆ ಅದೂ ಈ ಸ್ಪರ್ಶದ ಹಾದಿಯಲ್ಲೇ ನಡೆಯಬೇಕು.

ಚೀನಾದ ಪ್ರಯೋಗ ನಡೆದದ್ದು ಯುರೋಪಿನ ಜೇನಿನ ಮೇಲೆ, ಏಕೆಂದರೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೇಕಾದ ವಯಸ್ಸಿನ ನೊಣಗಳನ್ನಷ್ಟೇ ಒಟ್ಟುಗೂಡಿಸಬಹುದು. ಹೆಜ್ಜೇನಿನ ಕುಣಿತವನ್ನು ನೋಡಲು ಗಾಜಿನ ಗೂಡೂ ಬೇಡ, ಪೆಟ್ಟಿಗೆಯ ಮುಚ್ಚಳ ತೆರೆಯುವುದೂ ಬೇಡ. ಆಲದ ಕೊಂಬೆಯ ಕೆಳಗೋ ನೀರಿನ ತೊಟ್ಟಿಯ ಅಡಿಗೋ ತೂಗುವ ಎರಿಯ ಹೊರಮೈಯನ್ನು ದೂರದಿಂದ ದುರ್ಬೀನು ಹಿಡಿದು ಗಮನಿಸಿದರೆ ಸಾಕು. ಆದರೆ ಪೆಟ್ಟಿಗೆಗೆ ಒಗ್ಗದ, ಋತು ಬದಲಾದೊಡನೆ ಎರಿ ಬಿಟ್ಟು ವಲಸೆ ಹೋಗುವ ಈ ಜೇನಿನಲ್ಲಿ ಹಿರಿಯರಿಂದ ಕಿರಿಯರನ್ನು ಬೇರ್ಪಡಿಸಿ ಬೆಳೆಸುವುದು ಸುಲಭದ ಕೆಲಸವಲ್ಲ.