ಹಳೆಯ ಜರ್ಮನ್ ಚಾಕುವನ್ನು ಉಜ್ಜುವ ಮೊದಲು

ಹಳೆಯ ಲೋಹದ ವಸ್ತುಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಜರ್ಮನಿಯ ಹಳೆಯ ಮಡಚುವ ಚಾಕು ಹಿಡಿದು ಬರುವವರು ಹೆಚ್ಚಾಗಿ ಕೇಳುವುದು ಒಂದೇ: "ಸಾರ್, ಇದನ್ನ ಫಳಫಳ ಹೊಳೆಯೋ ಹಾಗೆ ಮಾಡಿಕೊಡ್ತೀರಾ?" ಮಾಡಬಹುದು. ಆದರೆ ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಕೊಟ್ಟರೆ ಅಲಗಿನ ಮೇಲೆ ಒತ್ತಿದ ಮುದ್ರೆಯೂ ಸವೆಯುತ್ತದೆ, ಅಲಗಿನ ಅಂಚುಗಳೂ ಮೊಂಡಾಗುತ್ತವೆ. ಮತ್ತೆ ತರಿಸಲು ಆಗುವುದಿಲ್ಲ. ಅದಕ್ಕೇ ಮೊದಲು ಆ ಮುದ್ರೆ ಓದೋಣ ಅನ್ನುತ್ತೇನೆ.

ಓದಬೇಕಾದ ಜಾಗ ಅಲಗಿನ ಬುಡ. ಚಾಕು ಪೂರ್ತಿ ಬಿಡಿಸಿ, ಅಲಗು ಹಿಡಿಗೆ ಸೇರುವ ಕಡೆ ಭೂತಗನ್ನಡಿ ಹಿಡಿಯಿರಿ. ತಯಾರಕರ ಗುರುತು, ಊರು, ದೇಶ ಅಲ್ಲಿರುತ್ತವೆ. ಊರು ಹೆಚ್ಚಾಗಿ ಸೋಲಿಂಗೆನ್. ವುಪ್ಪರ್ ನದಿಯ ಪಕ್ಕದ ಈ ಊರು ಮಧ್ಯಯುಗದಿಂದಲೂ ಕತ್ತಿ, ಚಾಕುಗಳಿಗೆ ಹೆಸರುವಾಸಿ. ನೀರಿನ ಬಲದಿಂದ ತಿರುಗುವ ಸಾಣೆಕಲ್ಲಿನ ಮುಂದೆ ಕೂತು ಅಲಗು ಮಸೆಯುತ್ತಿದ್ದರು. ಬಡಿದು ರೂಪ ಕೊಡುವವರು ಒಬ್ಬರು, ಸಾಣೆ ಹಿಡಿಯುವವರು ಇನ್ನೊಬ್ಬರು, ಹಿಡಿ ಕೂರಿಸುವವರು ಮತ್ತೊಬ್ಬರು. ಮಾಲನ್ನು ಬುಟ್ಟಿಯಲ್ಲಿ ತುಂಬಿ ತಲೆ ಮೇಲೆ ಹೊತ್ತು ಸಾಗಿಸುತ್ತಿದ್ದವರು ಹೆಂಗಸರು. ಒಂದು ಚಾಕುವಿನ ಹಿಂದೆ ಇಷ್ಟು ಜನರ ದುಡಿಮೆ ಇದೆ.

ತಯಾರಕರ ಗುರುತುಗಳಲ್ಲಿ ಹೆಂಕೆಲ್ಸ್ ಕಂಪನಿಯ ಅವಳಿಗಳ ಚಿತ್ರ 1731ರಷ್ಟು ಹಳೆಯದು. ಬ್ಯೋಕರ್‌ನದು ಮರ, ರಾಬರ್ಟ್ ಕ್ಲಾಸ್‌ನದು ಜೋಡಿ ಕೊಕ್ಕರೆ. ಕಾಲದ ಸುಳಿವು ಮಾತ್ರ ದೇಶದ ಹೆಸರಿನಲ್ಲಿದೆ. ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಎಂದು ಅಮೆರಿಕ 1890ರಲ್ಲಿ ಕಾನೂನು ಮಾಡಿತು. ಹಾಗಾಗಿ 'ಜರ್ಮನಿ' ಎಂದು ಒತ್ತಿದ್ದರೆ ಬಹುಮಟ್ಟಿಗೆ ಅದರ ಆಸುಪಾಸಿನದು ಅಥವಾ ಈಚಿನದು. 'ವೆಸ್ಟ್ ಜರ್ಮನಿ' ಇದ್ದರೆ 1949ರಿಂದ 1990ರ ನಡುವಿನದು. ತುಕ್ಕು ಹಿಡಿಯದ ಸ್ಟೀಲ್ ಎಂದು ಹೇಳುವ 'ರೋಸ್ಟ್‌ಫ್ರೈ' ಮುದ್ರೆಯ ಚಾಕುವನ್ನು 19ನೇ ಶತಮಾನದ್ದು ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ, ಆಗ ಅಂಥ ಸ್ಟೀಲ್ ಇನ್ನೂ ಬಂದಿರಲಿಲ್ಲ. ಸೋಲಿಂಗೆನ್ ಹೆಸರಿಗೆ 1938ರಿಂದಲೂ ಕಾನೂನಿನ ರಕ್ಷಣೆ ಇದೆ. ಆದರೂ ನಕಲಿಗಳು ಬರುತ್ತಲೇ ಇವೆ, ಊರಿನ ಹೆಸರೊಂದನ್ನೇ ನೋಡಿ ದುಡ್ಡು ಕೊಡಬೇಡಿ.

ಸವೆತ ಗೊತ್ತಾಗುವುದೂ ಬುಡದಲ್ಲೇ. ಅಲ್ಲಿ ಸಾಣೆ ತಾಗಿರುವುದಿಲ್ಲ, ಮೂಲ ಅಗಲ ಹಾಗೇ ಉಳಿದಿರುತ್ತದೆ. ಅಲ್ಲಿಂದ ಮುಂದೆ ಅಲಗು ಮೆಟ್ಟಿಲಿಳಿದಂತೆ ಕಿರಿದಾಗಿದ್ದರೆ ಜಾಸ್ತಿ ಮಸೆದಿದ್ದಾರೆ ಎಂದರ್ಥ. ಬಿಡಿಸುವಾಗಲೂ ಮಡಚುವಾಗಲೂ ಸ್ಪ್ರಿಂಗ್ 'ಟಕ್' ಅನ್ನಬೇಕು, ಅಲಗು ಅಕ್ಕಪಕ್ಕ ಅಲ್ಲಾಡಬಾರದು.

ನನಗೆ ಜಾಸ್ತಿ ಚಿಂತೆ ಇರುವುದು ಚಾಕುವಿನ ಹಿಡಿಯ ಬಗ್ಗೆ. ಆಮೆ ಚಿಪ್ಪಿನಂತೆ, ಮುತ್ತಿನ ಚಿಪ್ಪಿನಂತೆ ಕಾಣುವ ಹಳೆಯ ಹಿಡಿಗಳಲ್ಲಿ ಬಹಳಷ್ಟು ಸೆಲ್ಯುಲಾಯ್ಡ್‌ನವು. ಹಿಂದಿನ ಕಾಲದ ಈ ಬಗೆಯ ಪ್ಲಾಸ್ಟಿಕ್ ಹಳತಾದಂತೆ ಒಳಗೇ ಕೊಳೆಯುತ್ತದೆ. ಕೊಳೆಯುವಾಗ ಹೊರಬರುವ ಆಮ್ಲದ ಆವಿ ಉಕ್ಕನ್ನು ತಿನ್ನುತ್ತದೆ. ಹಿಡಿಯ ಮೇಲೆ ಸಣ್ಣ ಬಿರುಕು, ಅಂಟಂಟು ಬೆವರು, ಮೂಗಿಗೆ ಹೊಡೆಯುವ ವಾಸನೆ, ಇವು ಅದರ ಲಕ್ಷಣ. ಮಡಚಿದಾಗ ಹಿಡಿಯೊಳಗೆ ಅಡಗುವ ಭಾಗದಲ್ಲೇ ತುಕ್ಕು ದಟ್ಟವಾಗಿದ್ದರೆ ಕಾರಣ ಮಳೆಗಾಲವಲ್ಲ, ಹಿಡಿಯೇ ಇರಬಹುದು. ಒಂದೇ ಡಬ್ಬಿಯಲ್ಲಿಟ್ಟರೆ ಪಕ್ಕದ ಚಾಕುಗಳಿಗೂ ತುಕ್ಕು ಹತ್ತುತ್ತದೆ. ಇದನ್ನು ವಾಸಿ ಮಾಡಲು ಆಗುವುದಿಲ್ಲ, ನಿಧಾನ ಮಾಡಬಹುದು ಅಷ್ಟೇ. ಬೇರೆಯಾಗಿ, ತಂಪಾದ, ಗಾಳಿಯಾಡುವ ಕಡೆ ಇಡಿ. ಪ್ಲಾಸ್ಟಿಕ್ ಕವರಿಗೆ ಹಾಕಿ ಮುಚ್ಚಲೇಬೇಡಿ. ಬೆಂಕಿಯಿಂದ ದೂರವಿಡಿ, ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುತ್ತದೆ.

ಕೊಂಬಿನ ಹಿಡಿಯ ಕಥೆ ನಮ್ಮ ಕಾಡಿಗೂ ಸೇರಿದ್ದು. ಯುರೋಪಿನ ಚಾಕು ತಯಾರಕರು ಬಹಳ ಮೆಚ್ಚುತ್ತಿದ್ದ ಕಡವೆ ಕೊಂಬು ಭಾರತದಿಂದ ಹೋಗುತ್ತಿತ್ತು. ಗಟ್ಟಿ, ಒಳಗೆ ಟೊಳ್ಳು ಕಡಿಮೆ, ಮೇಲ್ಮೈ ಒರಟು. ಈಗ ಕಡವೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಾಗಾಗಿ ಕೊಂಬಿನ ಹಿಡಿಯಿರುವ ಚಾಕುವನ್ನು ಕೊಳ್ಳುವ, ಮಾರುವ, ಹೊರದೇಶದಿಂದ ತರಿಸುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಇನ್ನು ಶುಚಿ ಮಾಡುವುದು. ಕೀಲಿನ ಕೊಳೆಯನ್ನು ಮರದ ಕಡ್ಡಿಯಿಂದ ತೆಗೆಯಿರಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ಕೆಂಪು ತುಕ್ಕಿಗೆ ಎಣ್ಣೆ ಹಚ್ಚಿ ಬಟ್ಟೆಯಿಂದ ಮೆಲ್ಲಗೆ ತಿಕ್ಕಿ. ಅಲಗಿನ ಬೂದು ಬಣ್ಣ ಹಾಗೇ ಇರಲಿ, ಅದರಿಂದ ತೊಂದರೆಯಿಲ್ಲ. ಚಾಕುವಿನ ಜೊತೆ ಬಂದ ಚರ್ಮದ ಚೀಲವನ್ನು ಜೋಪಾನ ಮಾಡಿ, ಆದರೆ ಚಾಕುವನ್ನು ಅದರೊಳಗೆ ಇಡಬೇಡಿ. ಚರ್ಮ ಪಸೆ ಹಿಡಿದಿಟ್ಟುಕೊಳ್ಳುತ್ತದೆ.