ಕೋನಮಾಪಕ ಕೊನೆಗಿರಲಿ
ಚಿತ್ರದಲ್ಲಿರುವುದು 50 ಡಿಗ್ರಿಯ ಕೋನ. ಪುಸ್ತಕದಲ್ಲಿ ಮಗು ಬರೆದಿರುವುದು 130. ಗಣಿತ ಕಲಿಸುವವರೆಲ್ಲ ಇದನ್ನು ಮತ್ತೆ ಮತ್ತೆ ನೋಡಿರುತ್ತಾರೆ. ಕೋನಮಾಪಕದಲ್ಲಿ ಅಂಕಿಗಳು ಎರಡು ಸಾಲಿನಲ್ಲಿರುತ್ತವೆ, ಒಂದು ಎಡದಿಂದ ಶುರುವಾದರೆ ಇನ್ನೊಂದು ಬಲದಿಂದ. ಮಗು ಬೇರೆ ಸಾಲನ್ನು ಓದಿದೆ, ಅಷ್ಟೇ. ಆದರೆ ಅಳೆಯುವ ಮೊದಲೇ ‘ಇದು ಲಂಬಕೋನಕ್ಕಿಂತ ಚಿಕ್ಕದು’ ಎಂದು ಹೇಳಿಬಿಟ್ಟ ಮಗುವಿಗೆ 130 ಕಂಡ ಕೂಡಲೇ ಅನುಮಾನ ಬರುತ್ತದೆ. ಹಾಗಾಗಿ ನನ್ನ ತರಗತಿಯಲ್ಲಿ ಮೊದಲು ಕೋನದ ಹೆಸರು, ಆಮೇಲೆ ಅದರ ವಿಧ. ಅಳತೆ ಕೊನೆಗೆ.

ಒಂದೇ ಬಿಂದುವಿನಿಂದ ಹೊರಟ ಎರಡು ಕಿರಣಗಳು ಕೋನವನ್ನು ಮಾಡುತ್ತವೆ. ಆ ಬಿಂದು ಶೃಂಗ, ಕಿರಣಗಳು ಬಾಹುಗಳು. ‘ಬ’ ಶೃಂಗವಾಗಿದ್ದು, ಬಾಹುಗಳ ಮೇಲೆ ‘ಅ’ ಮತ್ತು ‘ಕ’ ಇದ್ದರೆ ಅದು ∠ಅಬಕ. ∠ಕಬಅ ಎಂದರೂ ಸರಿ. ನಡುವಿನ ಅಕ್ಷರ ಮಾತ್ರ ಶೃಂಗದ್ದೇ ಆಗಬೇಕು.

ಸುಮ್ನೆ ∠ಬ ಅಂದರೆ ಸಾಲದಾ? ಅಲ್ಲಿ ಒಂದೇ ಕೋನ ಇದ್ದರೆ ಧಾರಾಳವಾಗಿ ಸಾಕು. ಈಗ ‘ಬ’ದಿಂದ ಮೇಲ್ಮುಖವಾಗಿ ನಾಲ್ಕು ಕಿರಣ ಎಳೆಯಿರಿ. ತುದಿಗಳಿಗೆ ಸಾಲಾಗಿ ಅ, ಕ, ಚ, ಡ ಎಂದು ಬರೆಯಿರಿ. ಎಷ್ಟು ಕೋನ ಇವೆ ಎಂದು ಕೇಳಿದರೆ ಹೆಚ್ಚಿನ ಮಕ್ಕಳು ಮೂರು ಅನ್ನುತ್ತಾರೆ. ಪಕ್ಕಪಕ್ಕದವು ಮೂರು, ನಿಜ. ನಡುವೆ ಒಂದು ಕಿರಣ ಬಿಟ್ಟರೆ ∠ಅಬಚ, ∠ಕಬಡ ಸಿಗುತ್ತವೆ. ಎರಡು ತುದಿಯ ಕಿರಣಗಳ ನಡುವಿನ ∠ಅಬಡ ಇನ್ನೊಂದು. ಒಟ್ಟು 6. ಇಷ್ಟೂ ಕೋನಗಳಿಗೆ ‘ಬ’ ಒಂದೇ ಶೃಂಗ. ಹಾಗಿರುವಾಗ ∠ಬ ಎಂದು ಬರೆದರೆ ಯಾವುದನ್ನು ಹಿಡಿಯಬೇಕು? ಮೂರು ಅಕ್ಷರದ ಹೆಸರು ಯಾಕೆ ಬೇಕು ಎಂದು ಬಾಯಲ್ಲಿ ಎಷ್ಟು ಹೇಳಿದರೂ ನಾಟದ್ದು ಈ ಒಂದು ಚಿತ್ರದಿಂದ ನಾಟುತ್ತದೆ.

ಇನ್ನು ವಿಧ. ಇದಕ್ಕೆ ಡಿಗ್ರಿ ಬೇಕೇ ಬೇಕು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಬೇಕಿಲ್ಲ. ಕ್ರಿ.ಪೂ. 300ರ ಸುಮಾರಿನಲ್ಲಿ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಡಿಗ್ರಿಯ ಮಾತೇ ಎತ್ತದೆ ಲಂಬಕೋನ ಏನೆಂದು ಹೇಳಿದ. ಒಂದು ಸರಳರೇಖೆಯ ಮೇಲೆ ಇನ್ನೊಂದು ನಿಂತು ಎರಡೂ ಪಕ್ಕದಲ್ಲಿ ಸಮನಾದ ಕೋನ ಮಾಡಿದರೆ, ಆ ಒಂದೊಂದೂ ಲಂಬಕೋನ. ಅದಕ್ಕಿಂತ ಚಿಕ್ಕದು ಲಘುಕೋನ. ಅದಕ್ಕಿಂತ ದೊಡ್ಡದಾಗಿದ್ದು, ಬಾಹುಗಳು ಒಂದೇ ನೇರಕ್ಕೆ ಬರುವಷ್ಟು ತೆರೆಯದಿದ್ದರೆ ವಿಶಾಲಕೋನ.

ಇದನ್ನು ಕಾಗದದಲ್ಲೇ ಮಾಡಿ ನೋಡಬಹುದು. ಅಂಚು ಹೇಗೇ ಹರಿದಿರಲಿ, ಒಂದು ಚೂರು ಕಾಗದ ತೆಗೆದುಕೊಂಡು ಮಡಿಸಿ. ನೇರ ಗೆರೆ ಬಂತು. ಆ ಗೆರೆ ತನ್ನ ಮೇಲೇ ಸರಿಯಾಗಿ ಕೂರುವಂತೆ ಇನ್ನೊಮ್ಮೆ ಮಡಿಸಿ. ಸಿಕ್ಕ ಮೂಲೆಯೇ ಲಂಬಕೋನ. ಇದನ್ನು ಯಾವ ಕೋನದ ಮೇಲೆ ಬೇಕಾದರೂ ಇಟ್ಟು ನೋಡಿ. ಮೂಲೆ ಶೃಂಗದ ಮೇಲೆ, ಒಂದು ಅಂಚು ಒಂದು ಬಾಹುವಿನ ಮೇಲೆ ಕೂರಬೇಕು. ಇನ್ನೊಂದು ಬಾಹು ಕಾಗದದ ಅಡಿಗೆ ಹೋದರೆ ಲಘು, ಆಚೆ ಉಳಿದರೆ ವಿಶಾಲ. ಓರೆಯಾಗಿ ಬರೆದ ಲಂಬಕೋನವನ್ನು ಗುರುತಿಸದ ಮಕ್ಕಳಿಗೂ ಇದರಿಂದ ಧೈರ್ಯ ಬರುತ್ತದೆ.

ಬಾಹು ಉದ್ದ ಆದರೆ ಕೋನ ದೊಡ್ಡದು ಎಂಬ ತಪ್ಪು ಕಲ್ಪನೆಯೂ ಇದೇ ಕಾಗದದಿಂದ ಹೋಗುತ್ತದೆ. ಬಾಹುವನ್ನು ಎಷ್ಟೇ ಉದ್ದ ಎಳೆದರೂ ಮೂಲೆ ಅದೇ ಅಲ್ವಾ?

ಎರಡು ಬಾಹುಗಳೂ ಒಂದೇ ನೇರಕ್ಕೆ ಎದುರುಬದುರಾಗಿ ಬಂದರೆ ಸರಳಕೋನ, 180 ಡಿಗ್ರಿ. ಒಂದು ಸುತ್ತು ಮುಗಿದರೆ ಪೂರ್ಣಕೋನ, 360. ಇವೆರಡರ ನಡುವಿನದು ಸರಳಾಧಿಕ ಕೋನ. ಗೊಂದಲ ಜಾಸ್ತಿ ಇರುವುದು ಇಲ್ಲೇ. ಯಾವ ಎರಡು ಕಿರಣ ತೆಗೆದುಕೊಂಡರೂ ಒಳಗೊಂದು, ಹೊರಗೊಂದು ಕೋನ ಇರುತ್ತದೆ. ∠ಅಬಕ ಎಂದರೆ ರೂಢಿಯಲ್ಲಿ ಚಿಕ್ಕದು. ದೊಡ್ಡದೇ ಬೇಕಿದ್ದರೆ ‘ಸರಳಾಧಿಕ ∠ಅಬಕ’ ಎಂದು ಬರೆಯಬೇಕು, ಚಿತ್ರದಲ್ಲಿ ಕಮಾನಿನ ಗುರುತನ್ನೂ ಹಾಕಬೇಕು. ಅರ್ಧವೃತ್ತದ ಕೋನಮಾಪಕ ಅದನ್ನು ನೇರವಾಗಿ ಅಳೆಯುವುದಿಲ್ಲ. ಒಳಗಿನದು 140 ಬಂದರೆ 360ರಲ್ಲಿ ಕಳೆಯಿರಿ, ಹೊರಗಿನದು 220.

ಪೂರಕ, ಪರಿಪೂರಕ ಎಂಬವನ್ನು ಈ ಪಟ್ಟಿಗೆ ಸೇರಿಸಬೇಡಿ. ಅವು ಜೋಡಿಯ ಮಾತು: ಎರಡು ಕೋನ ಸೇರಿ 90 ಆದರೆ ಪೂರಕ, 180 ಆದರೆ ಪರಿಪೂರಕ. 40 ಡಿಗ್ರಿ ಒಂದೇ ಇದ್ದರೆ ಅದು ಲಘುಕೋನ. 50 ಜೊತೆಗಿದ್ದರೆ ಮಾತ್ರ ಎರಡೂ ಪೂರಕ.

ತ್ರಿಭುಜಕ್ಕೆ ಬಂದಾಗ ಈ ವಿಂಗಡಣೆಯನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. 30, 40, 110 ಡಿಗ್ರಿಯ ತ್ರಿಭುಜ ಯಾವ ವಿಧ? ಎರಡು ಕೋನ ಲಘು ಇವೆ ಎಂದು ಲಘುಕೋನ ತ್ರಿಭುಜ ಎಂದು ಬರೆಯುವವರಿದ್ದಾರೆ. ಆದರೆ ಪ್ರತಿ ತ್ರಿಭುಜದಲ್ಲೂ ಕನಿಷ್ಠ ಎರಡು ಲಘುಕೋನ ಇದ್ದೇ ಇರುತ್ತವೆ. ಮೂರೂ ಸೇರಿ 180 ಆಗಬೇಕಾದ್ದರಿಂದ ಲಂಬ ಇಲ್ಲವೇ ವಿಶಾಲ ಆದ ಎರಡು ಕೋನಕ್ಕೆ ಜಾಗವೇ ಇಲ್ಲ. ಆದ್ದರಿಂದ ತ್ರಿಭುಜದಲ್ಲಿ ಅತಿ ದೊಡ್ಡ ಕೋನವನ್ನು ನೋಡಿ ಹೆಸರಿಡಬೇಕು. ಇಲ್ಲಿ ಅದು 110, ಹಾಗಾಗಿ ಇದು ವಿಶಾಲಕೋನ ತ್ರಿಭುಜ.