ಒಂದೇ ಸೂರು, ಎರಡು ನೆಲ: ಮೊಲ ಮತ್ತು ಕೋಳಿಯನ್ನು ಜೊತೆಗೆ ಸಾಕುವ ಬಗ್ಗೆ ಟಿಪ್ಪಣಿ

ಮುಸ್ಸಂಜೆಯಲ್ಲಿ ಮೊಲವೂ ಇರುವ ಕೋಳಿಗೂಡಿನ ಮುಂದೆ ಅರ್ಧ ಗಂಟೆ ಕುಳಿತರೆ ಈ ಪಾಠದ ಮುಕ್ಕಾಲು ಪಾಲು ಕಣ್ಣಿಗೇ ಬೀಳುತ್ತದೆ. ಹೇಂಟೆಗಳು ಒಂದನ್ನೊಂದು ತಳ್ಳುತ್ತ ಅಡ್ಡಗೋಲು ಹತ್ತುತ್ತವೆ. ಅವು ತೂಕಡಿಸತೊಡಗಿದಾಗ ಮೂಲೆಯ ಪೆಟ್ಟಿಗೆಯಿಂದ ಮೊಲ ಹೊರಬಂದು, ಮೈಮುರಿದು, ಕೋಳಿ ತಟ್ಟೆಯಲ್ಲಿ ಉಳಿದ ಪುಡಿಗೆ ಮೂತಿ ಹಾಕುತ್ತದೆ. ಮೇಲಿನಿಂದ ಹಿಕ್ಕೆಯೊಂದು ನೀರಿನ ಬೋಗುಣಿಗೆ ಬೀಳುತ್ತದೆ. ಜಗಳವಿಲ್ಲ, ಕುಕ್ಕಾಟವಿಲ್ಲ. ನೋಡಿದವರು ‘ಎಷ್ಟು ಚೆನ್ನಾಗಿ ಹೊಂದಿಕೊಂಡಿವೆ’ ಎನ್ನುತ್ತಾರೆ. ಅಪಾಯವಿರುವುದು ಆ ತಟ್ಟೆಯಲ್ಲಿ ಮತ್ತು ಆ ಬೋಗುಣಿಯಲ್ಲಿ.

(ಇಲ್ಲಿ ಮೊಲ ಎಂದರೆ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾದಂತಹ ಸಾಕುತಳಿ. ನಮ್ಮ ಹೊಲಗಳಲ್ಲಿ ಓಡಾಡುವ ಕಾಡುಮೊಲ ಬೇರೆಯೇ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿದು ಸಾಕುವಂತಿಲ್ಲ.)

ಮೊದಲು ತಟ್ಟೆ. ಮೊಲದ ಜೀರ್ಣಕ್ರಿಯೆ ನಡೆಯುವುದೇ ನಾರಿನ ಮೇಲೆ. ಒರಟು ನಾರು ಗಟ್ಟಿ ಹಿಕ್ಕೆಯಾಗಿ ಹೊರಬೀಳುತ್ತದೆ. ನುಣುಪಾದ ಭಾಗ ಕುರುಡುಕರುಳಿನಲ್ಲಿ (ಸಣ್ಣ ಕರುಳು, ದೊಡ್ಡ ಕರುಳು ಕೂಡುವಲ್ಲಿನ ಚೀಲ) ಹುದುಗು ಬಂದು, ಮೆತ್ತನೆಯ ಗೊಂಚಲಾಗಿ ಬರುತ್ತದೆ. ಅದನ್ನು ಮೊಲ ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಅದು ಕೊಳಕು ಚಟವಲ್ಲ, ಬಿ ಗುಂಪಿನ ಜೀವಸತ್ವ ಸಿಗುವ ದಾರಿ. ಮೊಟ್ಟೆಕೋಳಿಯ ಆಹಾರದಲ್ಲಿ ಪಿಷ್ಟ ಹೆಚ್ಚು, ನಾರು ಕಡಿಮೆ, ಮೊಟ್ಟೆಯ ಚಿಪ್ಪಿಗೆಂದು ಸುಮಾರು ಶೇ. 3.5ರಷ್ಟು ಕ್ಯಾಲ್ಸಿಯಂ. ಪಿಷ್ಟ ಹೆಚ್ಚಾದರೆ ಹುದುಗುವಿಕೆ ಕೆಟ್ಟು ಹೊಟ್ಟೆಯುಬ್ಬರ, ಭೇದಿ. ಕ್ಯಾಲ್ಸಿಯಂ ಹೆಚ್ಚಾದರೆ, ಬೇರೆ ಪ್ರಾಣಿಗಳಂತೆ ಕರುಳಿನಲ್ಲೇ ತಡೆಯದೆ, ಮೊಲ ಅದನ್ನು ಹೀರಿಕೊಂಡು ಮೂತ್ರದಲ್ಲಿ ಹೊರಹಾಕುತ್ತದೆ. ಹಾಗಾಗಿ ಮೂತ್ರಕೋಶದಲ್ಲಿ ಸುಣ್ಣದಂತಹ ಕೆಸರು ಕಟ್ಟುತ್ತದೆ.

ಇದಕ್ಕಿಂತ ಕೆಟ್ಟದ್ದು ಆಹಾರದಲ್ಲಿ ಕಾಣದಂತೆ ಬೆರೆತಿರುವ ಔಷಧ. ಮಾಂಸದ ಕೋಳಿಯ ಆಹಾರದಲ್ಲಿ ರಕ್ತಭೇದಿ (ಕಾಕ್ಸಿಡಿಯೋಸಿಸ್) ತಡೆಯಲು ಬೆರೆಸುವ ನರಾಸಿನ್ ಮೊಲಕ್ಕೆ ವಿಷ. ಸಲಿನೋಮೈಸಿನ್ ಕೂಡ ಕೋಳಿಗೆ ಹಾಕುವ ಪ್ರಮಾಣದಲ್ಲಿ ಅಪಾಯಕಾರಿ. ಬೋಗುಣಿಯ ಕಥೆಯೂ ಇದೇ. ಕೋಳಿಗೆಂದು ನೀರಿನಲ್ಲಿ ಕರಗಿಸಿದ ಲಿಂಕೋಮೈಸಿನ್ ಅಥವಾ ಅಮಾಕ್ಸಿಸಿಲಿನ್‌ನಂತಹ ಪ್ರತಿಜೀವಕ (ಆಂಟಿಬಯೋಟಿಕ್) ಮೊಲದ ಹೊಟ್ಟೆಗೆ ಹೋದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು, ಮೊಲ ಸಾಯಬಹುದು. ಕೋಳಿ ಮಾತ್ರ ಗುಣವಾಗಿ ಓಡಾಡುತ್ತಿರುತ್ತದೆ.

ಇನ್ನು ರೋಗ. ‘ಕೋಳಿಯ ಕಾಕ್ಸಿಡಿಯೋಸಿಸ್ ಮೊಲಕ್ಕೆ ಹರಡುತ್ತದೆ’ ಎಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ರೋಗ ತರುವ ಪರಾವಲಂಬಿಯ ಕುಲ (ಐಮೀರಿಯಾ) ಒಂದೇ, ಪ್ರಭೇದಗಳು ಬೇರೆ. ಕೋಳಿಯ ಕುರುಡುಕರುಳನ್ನು ಕೆಡಿಸುವುದು ಐಮೀರಿಯಾ ಟೆನೆಲ್ಲಾ, ಮೊಲದ ಯಕೃತ್ತನ್ನು ಹಿಡಿಯುವುದು ಐಮೀರಿಯಾ ಸ್ಟೀಡೈ. ಒಂದರದ್ದು ಇನ್ನೊಂದಕ್ಕೆ ತಾಗದು. ಆದರೆ ಒದ್ದೆ ಹಾಸು ಹಿಕ್ಕೆಯಲ್ಲಿ ಹೊರಬೀಳುವ ಈ ಎರಡೂ ಪರಾವಲಂಬಿಗಳ ಮೊಟ್ಟೆಕೋಶಗಳನ್ನು ಮಾಗಿಸುತ್ತದೆ. ಆದ್ದರಿಂದ ನೆಲ ಒಣಗಿರಲೇಬೇಕು.

ನಿಜವಾಗಿ ಗಡಿ ದಾಟಬಲ್ಲದ್ದು ಪಾಶ್ಚುರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯಾ. ಕೋಳಿಯಲ್ಲಿ ಅದು ಕೋಳಿ ಕಾಲರಾ ತರುತ್ತದೆ, ಮೊಲದಲ್ಲಿ ಮೂಗು ಸೋರುವ ರೋಗ. ಈ ಬ್ಯಾಕ್ಟೀರಿಯಾದ ಎಲ್ಲ ತಳಿಗಳೂ ಎರಡಕ್ಕೂ ಒಂದೇ ತೀವ್ರತೆಯಲ್ಲಿ ತಾಗುತ್ತವೆ ಎಂದಲ್ಲ, ಆದರೆ ತಾಗಬಲ್ಲವು ಎಂಬುದಕ್ಕೆ ಇತಿಹಾಸದ ಸಾಕ್ಷಿಯಿದೆ. 1887ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಸರ್ಕಾರ, ಮೊಲಗಳ ಹಾವಳಿ ನಿಲ್ಲಿಸುವ ಉಪಾಯಕ್ಕೆ 25,000 ಪೌಂಡ್ ಬಹುಮಾನ ಘೋಷಿಸಿತು. ಲೂಯಿ ಪಾಶ್ಚರ್ ಮುಂದಿಟ್ಟ ಉಪಾಯ ಕೋಳಿ ಕಾಲರಾ! ಫ್ರಾನ್ಸಿನ ರೀಮ್ಸ್‌ನಲ್ಲಿ, ಶಾಂಪೇನ್ ತಯಾರಕಿ ಪೊಮೆರಿಯವರ ಜಾಗದಲ್ಲಿ ರೋಗಾಣು ಬೆರೆಸಿದ ಮೇವು ತಿಂದ ಮೊಲಗಳು ಸತ್ತವು. 1888ರಲ್ಲಿ ಪಾಶ್ಚರ್ ಅವರ ಸಂಬಂಧಿ ಆಡ್ರಿಯನ್ ಲ್ವಾರ್ ಸಿಡ್ನಿಗೆ ಹೋದರು. ಮೊಲದಿಂದ ಮೊಲಕ್ಕೆ ರೋಗ ಸರಿಯಾಗಿ ಹರಡಲಿಲ್ಲ, ಹಕ್ಕಿಗಳು ಸಾಯುವ ಭಯ ಬೇರೆ. ಬಯಲಿಗೆ ಬಿಡಲು ಅನುಮತಿ ಸಿಗಲಿಲ್ಲ, ಬಹುಮಾನವೂ ಸಿಗಲಿಲ್ಲ. ಗಮನಿಸಿ: ಅಂದು ರೋಗ ಹೊಕ್ಕದ್ದು ಮೇವಿನಿಂದ. ಕೋಳಿಹಿಕ್ಕೆ ಬಿದ್ದ ಹುಲ್ಲನ್ನು ಮೊಲಕ್ಕೆ ಹಾಕಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಹಾಗಾದರೆ ಜೊತೆಗೆ ಸಾಕಲೇಬಾರದೇ? ಸಾಕಬಹುದು, ನೆಲ ಬೇರೆ ಮಾಡಿ. ಅಮೆರಿಕದ ವರ್ಜೀನಿಯಾದ ಪಾಲಿಫೇಸ್ ಫಾರ್ಮ್‌ನಲ್ಲಿ ‘ರೇಕನ್’ ಎಂಬ ಕೊಟ್ಟಿಗೆಯಿದೆ. ರ್‍ಯಾಬಿಟ್, ಚಿಕನ್ ಎರಡನ್ನೂ ಕೂಡಿಸಿ ಇಟ್ಟ ಹೆಸರು. ಮೇಲೆ ತಂತಿಜಾಲರಿಯ ಪಂಜರಗಳಲ್ಲಿ ಮೊಲ, ಕೆಳಗೆ ದಪ್ಪ ಹಾಸಿನ ಮೇಲೆ ಕೋಳಿ. ಮೊಲದ ಹಿಕ್ಕೆ, ಮೂತ್ರ ಹಾಸಿನ ಮೇಲೆ ಬೀಳುತ್ತವೆ. ಕೋಳಿಗಳು ಅದನ್ನು ಕೆದರಿ ನೊಣದ ಹುಳುಗಳನ್ನು ಹೆಕ್ಕುತ್ತವೆ, ಹಾಸು ಗಾಳಿಯಾಡಿ ಅಮೋನಿಯಾ ಘಾಟು ಇಳಿಯುತ್ತದೆ. ಇಲ್ಲಿ ಹಿಕ್ಕೆ ಮೇಲಿನಿಂದ ಕೆಳಕ್ಕೆ, ಮೊಲದಿಂದ ಕೋಳಿಗೆ. ಸಂಜೆಯ ಗೂಡಿನಲ್ಲಿ ಕಂಡದ್ದು ಇದರ ತಲೆಕೆಳಗು.

ಇದನ್ನು ಕಲಬುರಗಿಯಲ್ಲಿ ಹಾಗೆಯೇ ನಕಲು ಮಾಡಿದರೆ ಏಪ್ರಿಲ್‌ನಲ್ಲಿ ಮೊಲ ಬೇಯುತ್ತದೆ. ಮೊಲ ಬೆವರುವುದಿಲ್ಲ, ಕಾವು ಹೊರಹಾಕುವುದು ಬಹುಪಾಲು ಕಿವಿಗಳಿಂದ. 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಂಕಟ, ಗಂಡುಗಳ ಫಲವತ್ತತೆಯೂ ಕುಗ್ಗುತ್ತದೆ. ತಗಡಿನ ಚಾವಣಿಗೆ ಹತ್ತಿರದ ಪಂಜರವೇ ಅತಿ ಬಿಸಿ. ಚಾವಣಿ ಎತ್ತರವಿರಲಿ, ಮೇಲೆ ತೆಂಗಿನ ಗರಿ ಹೊದಿಸಿ, ಎರಡು ಬದಿ ಗಾಳಿಗೆ ತೆರೆದಿರಲಿ. ಕೋಳಿ ಕೆದರಿದ ಧೂಳು ಮೊಲದ ಮೂಗಿಗೇ ಏರುವುದರಿಂದ ಭತ್ತದ ಹೊಟ್ಟಿಗಿಂತ ಒರಟಾದ ಹಾಸು ವಾಸಿ.

ಕೊನೆಯದಾಗಿ ಹೆರಿಗೆ. ಹೆಣ್ಣುಮೊಲ ಸುಮಾರು 31 ದಿನಕ್ಕೆ ಮರಿ ಹಾಕುತ್ತದೆ. ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು, ಕೆಂಪಗೆ ಮಿಸುಕಾಡುತ್ತಿರುತ್ತವೆ. ಕೋಳಿಯ ಕಣ್ಣಿಗೆ ಅವು ಎರೆಹುಳುವಿಗಿಂತ ಹೆಚ್ಚೇನೂ ಅಲ್ಲ. 28ನೆಯ ದಿನದ ಹೊತ್ತಿಗೆ ಹೆರಿಗೆ ಪೆಟ್ಟಿಗೆಯನ್ನು ಕೋಳಿ ಹಾರಿ ತಲುಪದ ಪಂಜರದೊಳಗೆ ಇಟ್ಟು ಚಿಲಕ ಹಾಕಿ.